87ಕ್ಕಿಂತ 83 ಹೆಚ್ಚಾಗುವ ಲೆಕ್ಕ

ಭತ್ತದ ರಾಶಿ ಮುಗಿದು ದುಡ್ಡು ಕೈಸೇರುವ ಹೊತ್ತಿಗೆ ಸಿಂಧನೂರು ಸೀಮೆಯ ಮನೆಗಳಲ್ಲಿ ಎರಡು ಮಾತು ಶುರುವಾಗುತ್ತವೆ. ಒಂದು ಮದುವೆಯದು, ಇನ್ನೊಂದು ಗಾಡಿಯದು. ಮದುವೆಯ ವಿಷಯಕ್ಕೆ ನನ್ನನ್ನು ಯಾರೂ ಕೇಳುವುದಿಲ್ಲ. ಗಾಡಿಯ ವಿಷಯಕ್ಕೆ ಮಾತ್ರ ಬಿಡುವುದಿಲ್ಲ. "ಸರ್, 2009ರ ಪೆಟ್ರೋಲ್ ಸ್ವಿಫ್ಟ್ ಒಂದು ಮಾರಾಕ ಬಂದೈತಿ, 87 ಎಚ್‌ಪಿ ಅಂತ. 2018ರದ್ದು ನೋಡಿದ್ರ ಬರೀ 83 ಐತಿ. ಹೊಸಾದ್ರಾಗ ಕಂಪನಿಯವ್ರು ಕಡಿಮಿ ಮಾಡ್ಯಾರಲ್ರಿ, ಹಳೇದ ತಗೊಳ್ಳೇನ್ರಿ?" ಲಿಂಗಸುಗೂರಿನಿಂದ ಬಂದರೂ ಮಸ್ಕಿಯಿಂದ ಬಂದರೂ ಪ್ರಶ್ನೆ ಹೆಚ್ಚುಕಮ್ಮಿ ಇದೇ. ಇವತ್ತು ಅದಕ್ಕೆ ಪುರುಸೊತ್ತಿನಿಂದ ಉತ್ತರ ಹೇಳುತ್ತೇನೆ.

ಸ್ಪೋರ್ಟ್ಸ್ ಕಾರು ಅಂದರೆ ಹುಡುಗರ ಮೊಬೈಲಿನಲ್ಲಿ ಕಾಣುವುದು ಪೋರ್ಷೆ, ಮಜ್ದಾ, ಲೋಟಸ್. ನಮ್ಮ ಕೆಎ 36 ನಂಬರಿನ ರಸ್ತೆಗಳಲ್ಲಿ ಅಂಥವು ಕಂಡರೆ ಅದು ಸುದ್ದಿ. ಇಲ್ಲಿ ವಯಸ್ಸಿನ ಹುಡುಗ "ನನ್ನ ಗಾಡಿ ಓಡತೈತಿ" ಎಂದು ಎದೆ ಉಬ್ಬಿಸಿ ಹೇಳುವುದು ಸ್ವಿಫ್ಟ್ ಬಗ್ಗೆ. ಸಣ್ಣ ಮೈ, ಗಟ್ಟಿ ಸ್ಟಿಯರಿಂಗ್, ಗೇರು ಬದಲಿಸಿದರೆ ಸಿಗುವ ಖುಷಿ, ಇವೆಲ್ಲ ನಮ್ಮ ಬಜೆಟ್ಟಿನಲ್ಲಿ ಒಟ್ಟಿಗೆ ಸಿಕ್ಕಿದ್ದು ಅದರಲ್ಲೇ. ಜೊತೆಗೆ 2005ರಿಂದ ಇವತ್ತಿನವರೆಗೆ ಅದು ಅಷ್ಟು ಸಲ ಬದಲಾಗಿದೆ, ಒಂದೇ ಹೆಸರಿನ ಬೇರೆ ಬೇರೆ ಮಾಡೆಲ್‌ಗಳನ್ನು ಹೋಲಿಸುವುದು ಹೇಗೆ ಎಂದು ಕಲಿಯಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಈ ಪಾಠ ಬಂದರೆ ನಾಳೆ ಬೇರೆ ಯಾವ ಕಾರಿಗೂ, ಬೇಕಾದರೆ ಪೋರ್ಷೆಗೂ, ಅದೇ ಲೆಕ್ಕ ನಡೆಯುತ್ತದೆ.

ಮೊದಲು ವಂಶಾವಳಿ ನೋಡೋಣ. ಕಂಪನಿಗಳು ಶಕ್ತಿಯನ್ನು ಪಿಎಸ್ ಎಂದು ಬರೆಯುತ್ತವೆ, ನಾವು ಎಚ್‌ಪಿ ಅನ್ನುತ್ತೇವೆ. ಎರಡಕ್ಕೂ ಶೇ 1.5ರಷ್ಟೂ ಫರಕಿಲ್ಲ, ಹಾಗಾಗಿ ಇಲ್ಲಿ ಎಚ್‌ಪಿ ಎಂದೇ ಬಳಸುತ್ತೇನೆ. ಮೇ 2005ರಲ್ಲಿ ಬಂದ ಮೊದಲ ಸ್ವಿಫ್ಟ್‌ನಲ್ಲಿ ಇದ್ದದ್ದು ಎಸ್ಟೀಮ್ ಮನೆತನದ 1,298 ಸಿಸಿ ಪೆಟ್ರೋಲ್ ಎಂಜಿನ್, ಶಕ್ತಿ 87 ಎಚ್‌ಪಿ. 2007ರಲ್ಲಿ ಫಿಯಟ್ ವಿನ್ಯಾಸದ 1.3 ಲೀಟರ್ ಡೀಸೆಲ್ ಸೇರಿತು, 75 ಎಚ್‌ಪಿ. 2010ರಲ್ಲಿ ಪೆಟ್ರೋಲ್ ಎಂಜಿನ್ 1,197 ಸಿಸಿಗೆ ಇಳಿದು ಶಕ್ತಿ 85 ಆಯಿತು. 2011ರಲ್ಲಿ ಎರಡನೇ ತಲೆಮಾರು ಬಂತು, ಅದೇ 1.2 ಲೀಟರ್ ಎಂಜಿನ್ ಸುಧಾರಿಸಿ ಮತ್ತೆ 87. ಫೆಬ್ರುವರಿ 2018ರಲ್ಲಿ ಮೂರನೇ ತಲೆಮಾರು, 83. ಏಪ್ರಿಲ್ 2020ರಲ್ಲಿ ಹೊಗೆಯ ಬಿಎಸ್-6 ನಿಯಮ ಬಂದಾಗ ಡೀಸೆಲ್ ನಿಂತೇ ಹೋಯಿತು. 2021ರಲ್ಲಿ ಪೆಟ್ರೋಲ್ ಎಂಜಿನ್ ಹೊಸದಾಗಿ 90 ಎಚ್‌ಪಿ. ಮೇ 2024ರಲ್ಲಿ ನಾಲ್ಕನೇ ತಲೆಮಾರು, ಮೂರು ಸಿಲಿಂಡರಿನ ಎಂಜಿನ್, 82 ಎಚ್‌ಪಿ.

87, 85, 87, 83, 90, 82. ಈ ಸಾಲನ್ನು ನೋಡಿದವರಿಗೆ ಕಂಪನಿಯ ತಲೆ ಕೆಟ್ಟಿದೆ ಅನ್ನಿಸಿದರೆ ಆಶ್ಚರ್ಯವಿಲ್ಲ. ಆದರೆ ಪ್ರತಿ ಬದಲಾವಣೆಗೂ ಒಂದು ಕಾರಣವಿದೆ, ಹೆಚ್ಚಿನ ಸಲ ಆ ಕಾರಣ ಹುಟ್ಟಿದ್ದು ದಿಲ್ಲಿಯಲ್ಲಿ. 2006ರ ಕೇಂದ್ರ ಬಜೆಟ್ಟಿನಲ್ಲಿ ಸಣ್ಣ ಕಾರುಗಳ ಅಬಕಾರಿ ಸುಂಕವನ್ನು ಶೇ 24ರಿಂದ 16ಕ್ಕೆ ಇಳಿಸಿದರು. ಷರತ್ತು ಎರಡು: ಉದ್ದ ನಾಲ್ಕು ಮೀಟರಿನೊಳಗೆ ಇರಬೇಕು, ಪೆಟ್ರೋಲ್ ಎಂಜಿನ್ 1,200 ಸಿಸಿ ದಾಟಬಾರದು. 1,298 ಸಿಸಿಯ ಸ್ವಿಫ್ಟ್ ಆ ಗೆರೆಯ ಆಚೆಗೆ ಉಳಿಯಿತು. 1,197 ಸಿಸಿ ಎಂಬ ಅಂಕಿ ಎಲ್ಲಿಂದ ಬಂತು ಎಂಬುದು ಈಗ ಗೊತ್ತಾಗಿರಬೇಕು. ಆಮೇಲೆ ಹೊಗೆಯ ನಿಯಮಗಳು ಬಂದವು, ಕಂಪನಿ ಮಾರುವ ಒಟ್ಟು ಕಾರುಗಳು ಉಗುಳುವ ಇಂಗಾಲದ ಡೈಆಕ್ಸೈಡಿನ ಸರಾಸರಿಗೆ ಮಿತಿ ಬಂತು. ಎಂಜಿನಿಯರ್ ಪ್ರತಿ ಸಲವೂ ಕೂತಿದ್ದು ಹೆಚ್ಚು ಓಡಿಸುವುದು ಹೇಗೆ ಎಂಬ ಪ್ರಶ್ನೆ ಹಿಡಿದಲ್ಲ. ಇಷ್ಟೇ ಓಡಿಸಿಕೊಂಡು ತೆರಿಗೆ, ಹೊಗೆ, ಎಣ್ಣೆ ಉಳಿಸುವುದು ಹೇಗೆ ಎಂಬ ಪ್ರಶ್ನೆ ಹಿಡಿದು.

ಹಾಗಾದರೆ 83ರ ಗಾಡಿ 87ರ ಗಾಡಿಗಿಂತ ಹಿಂದೆ ಬೀಳಬೇಕಲ್ಲ? ಬೀಳುವುದಿಲ್ಲ. ಶಕ್ತಿಯ ಅಂಕಿಯ ಪಕ್ಕದಲ್ಲೇ ಇರುವ, ಯಾರೂ ಓದದ ಇನ್ನೊಂದು ಅಂಕಿ ಅದಕ್ಕೆ ಕಾರಣ: ಗಾಡಿಯ ತೂಕ. ಮೊದಲ ಪೆಟ್ರೋಲ್ ಸ್ವಿಫ್ಟ್ ಒಂದು ಟನ್ನಿಗೆ ಚೂರು ಮೇಲೆ, ಸುಮಾರು 1,010 ಕೆ.ಜಿ. 2011ರದ್ದು 965ರ ಆಸುಪಾಸು. 2018ರದ್ದು ಹೊಸ ತಳಹದಿಯ ಮೇಲೆ ಕಟ್ಟಿದ್ದು. ಹೆಚ್ಚು ಬಲದ ಉಕ್ಕನ್ನು ತೆಳುವಾಗಿ ಬಳಸಿದ್ದರಿಂದ ತೂಕ 860 ಕೆ.ಜಿ.ಗೆ ಬಂತು. ಈಗ ಭಾಗಿಸಿ ನೋಡಿ. ಮೊದಲನೆಯದರಲ್ಲಿ ಪ್ರತಿ ಟನ್ನಿಗೆ 86 ಎಚ್‌ಪಿ, ಎರಡನೆಯದರಲ್ಲಿ 90, ಮೂರನೆಯದರಲ್ಲಿ 97. ಎಂಜಿನ್ ನಾಲ್ಕು ಕುದುರೆ ಕಳೆದುಕೊಂಡಿತು, ಮೈ ಒಂದೂವರೆ ಕ್ವಿಂಟಲ್ ಇಳಿಸಿಕೊಂಡಿತು. ಗಾಡಿ ಮೊದಲಿಗಿಂತ ಚುರುಕಾಯಿತು. ಮೊದಲು ಹೇಳಿದ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಸಿಕ್ಕಿತು: ಈ ಎರಡರ ಪೈಕಿ 83ರದ್ದೇ ಹೆಚ್ಚು.

ಜಗತ್ತಿನ ನಿಜವಾದ ಸ್ಪೋರ್ಟ್ಸ್ ಕಾರುಗಳ ಕತೆಯೂ ಇದೇ. ಇಂಗ್ಲೆಂಡಿನ ಲೋಟಸ್ ಕಂಪನಿ ಕಟ್ಟಿದ ಕಾಲಿನ್ ಚಾಪ್‌ಮನ್ ಜೀವನವಿಡೀ ಹಿಡಿದ ಹಟ ತೂಕ ಇಳಿಸುವುದಾಗಿತ್ತು. ಎಂಜಿನ್ ಬಲ ಹೆಚ್ಚಿಸಿದರೆ ನೇರ ರಸ್ತೆಯಲ್ಲಷ್ಟೇ ಲಾಭ. ತೂಕ ಇಳಿಸಿದರೆ ಓಟ, ತಿರುವು, ಬ್ರೇಕು ಮೂರಕ್ಕೂ ಲಾಭ ಎಂಬುದು ಅವರ ನಂಬಿಕೆ. ನಮ್ಮ ದೇಶಕ್ಕೆ ಬರದ ಸ್ವಿಫ್ಟ್ ಸ್ಪೋರ್ಟ್ ಎಂಬುದೊಂದಿದೆ. ಜಪಾನಿನಲ್ಲಿ 2017ರಲ್ಲಿ ಬಿಟ್ಟ ಆ ಕಾರಿನ ಎಂಜಿನ್ ಬರೀ 1.4 ಲೀಟರ್, ಆದರೆ ಟರ್ಬೊ ಇರುವುದರಿಂದ 140 ಎಚ್‌ಪಿ. ಗಾಡಿಯ ತೂಕ 970 ಕೆ.ಜಿ. ಟನ್ನಿಗೆ 144 ಎಚ್‌ಪಿ. ನಮ್ಮ ಸ್ವಿಫ್ಟ್‌ಗೂ ಅದಕ್ಕೂ ಮುಖ ಒಂದೇ, ಗುಣ ಬೇರೆ. ಹಿಂದುಗಡೆ 'ಸ್ಪೋರ್ಟ್' ಎಂದು ಸ್ಟಿಕ್ಕರ್ ಅಂಟಿಸಿಕೊಂಡು ಓಡಾಡುವವರಿಗೆ ಈ ಅಂಕಿ ಗೊತ್ತಿರಲಿ.

ತೂಕದ ಲೆಕ್ಕದಲ್ಲಿ ಇನ್ನೊಂದು ಹೆಜ್ಜೆ ಇದೆ, ಅದನ್ನು ಪತ್ರಿಕೆಗಳ ಟೆಸ್ಟ್ ವರದಿಗಳು ಹೇಳುವುದಿಲ್ಲ. ಅವರು ಓಡಿಸುವುದು ಹೆಚ್ಚೆಂದರೆ ಇಬ್ಬರನ್ನು ಕೂಡಿಸಿಕೊಂಡು. ನಮ್ಮಲ್ಲಿ ಗಾಡಿ ಹೊರಟಿತೆಂದರೆ ನಾಲ್ಕು ಮಂದಿ ಇರಲೇಬೇಕು, ಮಗಳ ಮನೆಗೆ ಹೊರಟಿದ್ದರೆ ಡಿಕ್ಕಿಯಲ್ಲಿ ಎರಡು ಪಾಕೀಟು ಸೋನಾ ಮಸೂರಿಯೂ ಇರಬೇಕು. ತಲಾ 65 ಕೆ.ಜಿ.ಯಂತೆ ನಾಲ್ವರು, 25 ಕೆ.ಜಿ.ಯ ಎರಡು ಪಾಕೀಟು, ಒಟ್ಟು 310 ಕೆ.ಜಿ. ಇದನ್ನು ಸೇರಿಸಿ ಮತ್ತೆ ಭಾಗಿಸಿದರೆ 2005ರ ಗಾಡಿಗೆ ಟನ್ನಿಗೆ 66 ಎಚ್‌ಪಿ, 2018ರದ್ದಕ್ಕೆ 71, 2021ರ 90 ಎಚ್‌ಪಿ ಗಾಡಿಗೆ 76, 2024ರದ್ದಕ್ಕೆ 67. ಖಾಲಿ ಗಾಡಿಯಲ್ಲಿ ಎದ್ದು ಕಾಣುತ್ತಿದ್ದ ಅಂತರ ಹೊರೆ ಹೇರಿದ ಮೇಲೆ ಅರ್ಧದಷ್ಟು ಕರಗಿತು. ಅಂದರೆ ಹಳೇ ಮಾಡೆಲ್ಲಿಗೂ ಹೊಸ ಮಾಡೆಲ್ಲಿಗೂ ಇರುವ ವ್ಯತ್ಯಾಸಕ್ಕಿಂತ ಒಬ್ಬರೇ ಹೋಗುವುದಕ್ಕೂ ಮನೆಮಂದಿಯೆಲ್ಲ ಹೋಗುವುದಕ್ಕೂ ಇರುವ ವ್ಯತ್ಯಾಸ ದೊಡ್ಡದು.

ಇಷ್ಟು ಹೇಳಿದ ಕೂಡಲೇ ಡೀಸೆಲ್ ಗಾಡಿ ಇಟ್ಟುಕೊಂಡವರು ಜಗಳಕ್ಕೆ ಬರುತ್ತಾರೆ. "ನಿಮ್ಮ ಲೆಕ್ಕದಾಗ ಡೀಸೆಲ್ ಎಲ್ಲಾಕಿಂತ ಹಿಂದ ಬೀಳತೈತಲ್ರಿ, ರೋಡಿನ್ಯಾಗ ಹಂಗಿಲ್ಲ." ಅವರು ಹೇಳುವುದು ನಿಜ. 75 ಎಚ್‌ಪಿಯ ಎರಡನೇ ತಲೆಮಾರಿನ ಡೀಸೆಲ್ ಸ್ವಿಫ್ಟ್ ತುಂಬಿದ ಹೊರೆಯಲ್ಲಿ ಟನ್ನಿಗೆ 54 ಎಚ್‌ಪಿಗೆ ಬಂದು ನಿಲ್ಲುತ್ತದೆ. ಆದರೂ ಹುಲ್ಲು ಹೇರಿಕೊಂಡು ಅರ್ಧ ರಸ್ತೆ ಆಕ್ರಮಿಸಿದ ಟ್ರ್ಯಾಲಿಯನ್ನು ಹಿಂದೆ ಹಾಕುವಾಗ ಪೆಟ್ರೋಲಿನವರಿಗಿಂತ ಡೀಸೆಲ್ಲಿನವರು ಸಲೀಸಾಗಿ ಮುಂದೆ ಹೋಗುತ್ತಾರೆ. ಇದನ್ನು ತಿಳಿಯಲು ಶಕ್ತಿಗೂ ಎಳೆತಕ್ಕೂ ಇರುವ ಫರಕನ್ನು ತಿಳಿಯಬೇಕು. ಎಳೆತವನ್ನೇ ಬ್ರೋಷರಿನಲ್ಲಿ ಟಾರ್ಕ್ ಎಂದು ಬರೆದಿರುತ್ತಾರೆ.

ಕಾರಹುಣ್ಣಿಮೆ ಹೊತ್ತಿಗೆ ರಾಯಚೂರಿನ ಮುಂಗಾರು ಹಬ್ಬದಲ್ಲಿ ಎತ್ತುಗಳು ಭಾರದ ಕಲ್ಲು ಎಳೆಯುವ ಸ್ಪರ್ಧೆ ನೋಡಿದವರಿಗೆ ಇದನ್ನು ಹೇಳಿಕೊಡುವುದು ಕಷ್ಟವಲ್ಲ. ಟನ್ನುಗಟ್ಟಲೆ ಕಲ್ಲು ಅಲುಗಾಡಬೇಕಾದರೆ ಜೋಡಿಗೆ ಬೇಕಾದ್ದು ಎಳೆತ. ಆ ಕಲ್ಲನ್ನು ಗೊತ್ತುಮಾಡಿದ ಸಮಯದಲ್ಲಿ ಎಷ್ಟು ದೂರ ಒಯ್ದವು ಎಂಬುದು ಶಕ್ತಿ. ಕಲ್ಲನ್ನೇ ಅಲುಗಾಡಿಸಲಾಗದ ಎತ್ತು ಎಷ್ಟು ಜೋರಾಗಿ ಓಡಿದರೇನು? ಎಂಜಿನ್ನಿನಲ್ಲೂ ಎಳೆತ ಮತ್ತು ತಿರುಗುವ ವೇಗ ಎರಡನ್ನೂ ಗುಣಿಸಿದರೆ ಶಕ್ತಿ ಸಿಗುತ್ತದೆ.

ಈಗ ಗುಣಿಸಿ ನೋಡೋಣ. ಡೀಸೆಲ್ ಸ್ವಿಫ್ಟ್‌ನ ಟಾರ್ಕ್ 190 ನ್ಯೂಟನ್ ಮೀಟರ್, ಅದು ಸಿಗುವುದು ನಿಮಿಷಕ್ಕೆ 2,000 ಸುತ್ತಿನಲ್ಲಿ. ಆ ಕ್ಷಣಕ್ಕೆ ಎಂಜಿನ್ ಕೊಡುವ ಶಕ್ತಿ ಸುಮಾರು 54 ಎಚ್‌ಪಿ. ಪೆಟ್ರೋಲ್ ಸ್ವಿಫ್ಟ್‌ನ ಟಾರ್ಕ್ ಎಲ್ಲ ತಲೆಮಾರುಗಳಲ್ಲೂ 112ರಿಂದ 115ರ ಒಳಗೇ ಇದೆ, ಅದೂ 4,000 ಸುತ್ತು ಮುಟ್ಟಿದ ಮೇಲೆ. 2,000 ಸುತ್ತಿನಲ್ಲಿ ಅದರ ಕೈಯಲ್ಲಿ 30 ಎಚ್‌ಪಿ ಕೂಡ ಇರುವುದಿಲ್ಲ. ಡೀಸೆಲ್ಲಿನ 54 ಮುಟ್ಟಬೇಕಾದರೆ ಸುಮಾರು 3,500 ಸುತ್ತಿಗೆ ಏರಬೇಕು. ಬ್ರೋಷರಿನಲ್ಲಿರುವ 87 ಎಚ್‌ಪಿ ಸಿಗುವುದು 6,000 ಸುತ್ತಿನಲ್ಲಿ. ನೀವೇ ನೆನಪಿಸಿಕೊಳ್ಳಿ, ನಿಮ್ಮ ಗಾಡಿಯನ್ನು 6,000 ಸುತ್ತಿಗೆ ಯಾವಾಗ ಏರಿಸಿದ್ದಿರಿ? ನಮ್ಮ ಬಹುಪಾಲು ಜನ 2,500 ದಾಟುವ ಮೊದಲೇ ಗೇರು ಬದಲಿಸುತ್ತಾರೆ. ಎಂಜಿನ್ ಕೂಗಿದರೆ ಪಕ್ಕದಲ್ಲಿ ಕೂತ ಹಿರಿಯರು "ಯಾಕಪಾ, ಗಾಡಿ ಹಾಳಾಗತೈತಿ" ಅನ್ನುತ್ತಾರೆ. ಹಾಗೆ ಓಡಿಸುವವರಿಗೆ ಪೆಟ್ರೋಲ್ ಮಾಡೆಲ್ಲುಗಳ 83, 87, 90 ಎಂಬ ವ್ಯತ್ಯಾಸ ಕಾಗದದ ಮೇಲಷ್ಟೇ ಇದೆ.

ಇದೇ ಮಾತಿಗೆ ದೊಡ್ಡ ಸ್ಪೋರ್ಟ್ಸ್ ಕಾರಿನಿಂದ ಒಂದು ಸಾಕ್ಷಿ ಕೊಡುತ್ತೇನೆ. ಮಜ್ದಾ ಕಂಪನಿಯ ಎಂಎಕ್ಸ್-5 ಎಂಬ ಎರಡು ಸೀಟಿನ ಕಾರಿನ 2 ಲೀಟರ್ ಎಂಜಿನ್ ಅಮೆರಿಕದ ಮಾರುಕಟ್ಟೆಯಲ್ಲಿ 155 ಎಚ್‌ಪಿ ಇದ್ದದ್ದು, 2019ರ ಮಾಡೆಲ್ಲಿನಲ್ಲಿ 181ಕ್ಕೆ ಏರಿತು. 26 ಎಚ್‌ಪಿ ಏರಿದರೂ ಟಾರ್ಕ್ ಏರಿದ್ದು 200 ನ್ಯೂಟನ್ ಮೀಟರಿನಿಂದ 205ಕ್ಕೆ ಮಾತ್ರ. ಎಂಜಿನ್ನನ್ನು ಮೊದಲಿಗಿಂತ ಜೋರಾಗಿ, 6,800ರ ಬದಲು 7,500 ಸುತ್ತಿನವರೆಗೆ ತಿರುಗುವಂತೆ ಮಾಡಿದ್ದರಿಂದ ಹುಟ್ಟಿದ ಶಕ್ತಿ ಅದು. ಹಾಗೆ ತಿರುಗಿಸುವವರಿಗೆ ಅದು ಹೊಸ ಕಾರು, ಮೆಲ್ಲಗೆ ಓಡಿಸುವವರಿಗೆ ಅದೇ ಹಳೇ ಕಾರು.

ನಮ್ಮ ಕಡೆ ಗಾಡಿಯ ವೇಗ ಅಳೆಯುವುದು ಬೆನ್ನಿನಿಂದ. ಸೀಟಿಗೆ ಬೆನ್ನು ಒತ್ತಿದರೆ ಗಾಡಿ ಓಡಿತು ಅಂತ ಅರ್ಥ. ಈ ಅಳತೆಯಲ್ಲಿ ಒಂದು ಮೋಸವಿದೆ. ಡೀಸೆಲ್ ಎಂಜಿನ್ನಿನ ಟರ್ಬೊ 1,800 ಸುತ್ತಿನ ತನಕ ಸುಮ್ಮನಿದ್ದು ಆಮೇಲೆ ಒಮ್ಮೆಲೇ ಎಚ್ಚರವಾಗುತ್ತದೆ. ಮೊದಲು ಏನೂ ಇಲ್ಲದೆ ಆಮೇಲೆ ದಬ್ಬಿದಂತಾಗುವುದರಿಂದ ಇರುವುದಕ್ಕಿಂತ ಹೆಚ್ಚು ವೇಗ ಅನ್ನಿಸುತ್ತದೆ. ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರು ಊರಿನಲ್ಲೂ ಇವತ್ತಿಗೂ ಹುಡುಗರು ಮುಗಿಬೀಳುವ ಯಮಹಾ ಆರ್‌ಎಕ್ಸ್ 100ರ ಮಾಯೆಯೂ ಇದೇ. 1985ರಿಂದ 1996ರವರೆಗೆ ತಯಾರಾದ ಆ ಬೈಕಿನ ಎಂಜಿನ್ 98 ಸಿಸಿ, ಶಕ್ತಿ 11 ಎಚ್‌ಪಿ. ಆಮೇಲೆ ಬಂದ ಆರ್‌ಎಕ್ಸ್ 135ರ ಐದು ಗೇರಿನ ಮಾಡೆಲ್ಲಿಗೆ 132 ಸಿಸಿ, 14 ಎಚ್‌ಪಿ. ಅಂಕಿ ನೋಡಿದರೆ ಹೊಸದೇ ಮುಂದು. ಆದರೆ ಜನರ ಬಾಯಲ್ಲಿ ಉಳಿದದ್ದು ಹಂಡ್ರೆಡ್. ಸುಮಾರು ನೂರು ಕೆ.ಜಿ.ಯ ಹಗುರ ಮೈ, ಎರಡು ಸ್ಟ್ರೋಕಿನ ಎಂಜಿನ್ ಇಂತಿಷ್ಟು ಸುತ್ತು ದಾಟಿದ ಮೇಲೆ ಒಮ್ಮೆಲೇ ಎಗರುವ ರೀತಿ, ಆ ಸೈಲೆನ್ಸರಿನ ಸದ್ದು, ಇವು ಮೂರೂ ಸೇರಿ ಮನಸ್ಸಿನಲ್ಲಿ ವೇಗದ ಲೆಕ್ಕ ಬರೆದುಬಿಟ್ಟಿವೆ. ಖುಷಿಗೆ ಗಾಡಿ ಕೊಳ್ಳುವವರು ಆ ಲೆಕ್ಕವನ್ನೇ ನಂಬಲಿ, ತಪ್ಪೇನಿಲ್ಲ. ಹೋಲಿಸಿ ಕೊಳ್ಳುವವರು ಮಾತ್ರ ಬೆನ್ನನ್ನು ಬಿಟ್ಟು ಗಡಿಯಾರವನ್ನು ನಂಬಬೇಕು.

ಇನ್ನು ನಮ್ಮ ಬಿಸಿಲು. ಎಂಜಿನ್ ಉಸಿರಾಡುವುದು ಗಾಳಿಯನ್ನು; ಗಾಳಿ ಕಾದಷ್ಟೂ ತೆಳ್ಳಗಾಗುತ್ತದೆ. ಡಿಸೆಂಬರಿನ ಬೆಳಗಿನ 22 ಡಿಗ್ರಿಗೂ ಮೇ ತಿಂಗಳ ಮಧ್ಯಾಹ್ನದ 42 ಡಿಗ್ರಿಗೂ ಗಾಳಿಯ ಸಾಂದ್ರತೆಯಲ್ಲಿ ಸುಮಾರು ಶೇ 6ರ ಅಂತರವಿದೆ. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ನಿನ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. 90 ಎಚ್‌ಪಿಯ ಗಾಡಿ ಮೇ ಮಧ್ಯಾಹ್ನಕ್ಕೆ 84ಕ್ಕೆ ಬರುತ್ತದೆ. ಅದರ ಮೇಲೆ ಎ.ಸಿ. ಹಾಕಿದರೆ ಕಂಪ್ರೆಸರ್ ಇನ್ನಷ್ಟು ತಿನ್ನುತ್ತದೆ. ಒಂದು ಮಾಡೆಲ್ಲಿನಿಂದ ಇನ್ನೊಂದಕ್ಕೆ ಕಂಪನಿ ಕೊಟ್ಟಿದ್ದನ್ನೋ ಕಿತ್ತುಕೊಂಡಿದ್ದನ್ನೋ ಬಿಸಿಲೊಂದೇ ಅಳಿಸಿ ಹಾಕಬಲ್ಲದು. ಅಣ್ಣನ ಹೊಸ ಗಾಡಿಯನ್ನು ಬೇಸಿಗೆಯಲ್ಲಿ, ತಮ್ಮನ ಹಳೇ ಗಾಡಿಯನ್ನು ಚಳಿಗಾಲದಲ್ಲಿ ಓಡಿಸಿ ತೀರ್ಪು ಕೊಡುವವರು ಇದನ್ನು ಗಮನಿಸಬೇಕು.

ರಸ್ತೆಯೂ ತನ್ನ ಪಾಲು ಕೇಳುತ್ತದೆ. ಜೇವರ್ಗಿಯಿಂದ ಹೊರಟು ಲಿಂಗಸುಗೂರು, ಮಸ್ಕಿ, ಸಿಂಧನೂರು ಹಾದು ಬಳ್ಳಾರಿಯ ಕಡೆ ಹೋಗುವ 150ಎ ಹೆದ್ದಾರಿ ನೋಡಲು ಸಪಾಟು ಕಾಣುತ್ತದೆ, ಆದರೆ ಸಪಾಟಿಲ್ಲ. ಸಿಂಧನೂರು ಸಮುದ್ರಮಟ್ಟದಿಂದ 380 ಮೀಟರಿನ ಆಸುಪಾಸಿನಲ್ಲಿದೆ, ಲಿಂಗಸುಗೂರು 500ರ ಹತ್ತಿರ. ಕಾಲುವೆ ನೀರಿನ ಗದ್ದೆಗಳನ್ನು ಬಿಟ್ಟು ಅಶೋಕನ ಶಾಸನದ ಮಸ್ಕಿ ದಾಟಿ ಹೋಗುವಾಗ ನಮಗೆ ಗೊತ್ತಾಗದಂತೆ ಗಾಡಿ ನೂರು ಮೀಟರಿಗೂ ಹೆಚ್ಚು ಮೇಲೇರಿರುತ್ತದೆ. ತುಂಬಿದ ಸ್ವಿಫ್ಟನ್ನು ಅಷ್ಟು ಎತ್ತರಕ್ಕೆ ಎತ್ತಲು ಖರ್ಚಾಗುವ ಪೆಟ್ರೋಲ್ ಸುಮಾರು 150 ಮಿಲಿ ಲೀಟರ್. ಐವತ್ತು ಚಿಲ್ಲರೆ ಕಿಲೊಮೀಟರಿನ ಈ ದಾರಿಗೆ ಎರಡೂವರೆ ಲೀಟರ್ ಬೇಕು ಎಂದಿಟ್ಟುಕೊಂಡರೆ ಇದೇ ಶೇ 6 ಆಯಿತು. ಬರುವಾಗ ಇಳಿಜಾರು, ಹೆಚ್ಚುಕಡಿಮೆ ಅಷ್ಟೇ ಉಳಿತಾಯ. ಹಾಗಾಗಿ ಲಿಂಗಸುಗೂರಿನಿಂದ ಬಂದವರು "22 ಆವರೇಜ್ ಕೊಟ್ಟೈತಿ" ಅಂದರೆ, ಸಿಂಧನೂರಿನಿಂದ ಹೋದವರು "20 ದಾಟಲಿಲ್ಲ" ಅಂದರೆ, ಇಬ್ಬರೂ ಸತ್ಯವನ್ನೇ ಹೇಳುತ್ತಿರಬಹುದು, ಗಾಡಿಯೂ ಒಂದೇ ಇರಬಹುದು.

ಎರಡು ಮಾಡೆಲ್ ಹೋಲಿಸಲೇಬೇಕೆಂದರೆ ನಾನು ಅನುಸರಿಸುವ ಕ್ರಮ ಸರಳ. ಒಂದೇ ದಿನ, ಬಿಸಿಲೇರುವ ಮೊದಲು, ಒಂದೇ ರಸ್ತೆ. ಎರಡೂ ಗಾಡಿಗೆ ಒಬ್ಬರೇ ಡ್ರೈವರ್, ಅಷ್ಟೇ ಜನ. ಟೈರಿನ ಗಾಳಿ ಕಂಪನಿ ಹೇಳಿದಷ್ಟು. ಎ.ಸಿ. ಹಾಕಿದರೆ ಎರಡರಲ್ಲೂ. ಹೋಗುವಾಗ ಬರುವಾಗ ಎರಡೂ ದಿಕ್ಕಿನ ಅಳತೆ ತೆಗೆದು ಸರಾಸರಿ. ಸ್ಪೀಡೊಮೀಟರ್ ನಿಜಕ್ಕಿಂತ ಕೊಂಚ ಹೆಚ್ಚೇ ತೋರಿಸುವಂತೆ ತಯಾರಾಗಿರುತ್ತದೆ, ಅದೂ ಒಂದೊಂದು ಮಾಡೆಲ್ಲಿನಲ್ಲಿ ಒಂದೊಂದು ಥರ. ಆದ್ದರಿಂದ ವೇಗಕ್ಕೆ ಮೊಬೈಲಿನ ಜಿಪಿಎಸ್. ಅದನ್ನು ನೋಡುವುದು, ಸಮಯ ಅಳೆಯುವುದು ಪಕ್ಕದಲ್ಲಿ ಕೂತವರ ಕೆಲಸ. ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡ್ ಎಂಬುದು ನನಗೆ ಬೇಡ, ಆ ಆಟ ಊರ ರಸ್ತೆಯಲ್ಲಿ ಆಡುವುದೂ ಬೇಡ. ಮೂರನೇ ಗೇರಿನಲ್ಲಿ 40ರಿಂದ 70 ಮುಟ್ಟಲು ಎಷ್ಟು ಹೊತ್ತು ಹಿಡಿಯಿತು ಎಂದು ನೋಡಿದರೆ ಸಾಕು. ಟ್ರ್ಯಾಕ್ಟರ್ ದಾಟುವುದಕ್ಕೆ ಬೇಕಾದ್ದು ಅದೇ.

ಇನ್ನೊಂದು ಮಾತು, ಸೆಕೆಂಡ್‌ಹ್ಯಾಂಡ್ ಕೊಳ್ಳುವವರಿಗೆ. 87 ಎಚ್‌ಪಿ ಎಂಬುದು 2009ರಲ್ಲಿ ಕಾರ್ಖಾನೆಯಿಂದ ಹೊರಬಿದ್ದ ದಿನದ ಅಂಕಿ. ಲಕ್ಷಗಟ್ಟಲೆ ಕಿಲೊಮೀಟರ್ ಓಡಿ, ನಮ್ಮ ಎರೆಮಣ್ಣಿನ ಧೂಳು ಕುಡಿದು, ರಿಂಗುಗಳು ಸವೆದ ಎಂಜಿನ್ನಿನಲ್ಲಿ ಆ 87ರ ಪೈಕಿ ಎಷ್ಟು ಉಳಿದಿದೆ ಎಂಬುದು ಬ್ರೋಷರಿನಲ್ಲಿ ಸಿಗುವುದಿಲ್ಲ. ಮೆಕ್ಯಾನಿಕ್ ಕೈಯಲ್ಲಿ ಕಂಪ್ರೆಷನ್ ನೋಡಿಸಬೇಕು. ಡೀಸೆಲ್ಲಾದರೆ ಟರ್ಬೊ ಪೈಪುಗಳು, ಇಂಜೆಕ್ಟರು, ಕ್ಲಚ್ಚು ನೋಡಿಸಬೇಕು. ಕ್ಲಚ್ ಜಾರುವ 90 ಎಚ್‌ಪಿಯ ಗಾಡಿಗಿಂತ ಗಟ್ಟಿಯಾಗಿರುವ 83ರ ಗಾಡಿ ವಾಸಿ. ಹೋಲಿಕೆ ಮಾಡೆಲ್ ಮಾಡೆಲ್‌ಗಳ ನಡುವೆ ಅಂದುಕೊಂಡು ಹೋದವರು ಕೊನೆಗೆ ಹೋಲಿಸುವುದು ಇಬ್ಬರು ಮಾಲೀಕರ ಸರ್ವಿಸ್ ಪುಸ್ತಕಗಳನ್ನು.

ಓಟದ ಬಗ್ಗೆ ಇಷ್ಟು ಕೇಳುವವರು ನಿಲ್ಲುವುದರ ಬಗ್ಗೆ ಕೇಳುವುದೇ ಇಲ್ಲ ಎಂಬುದು ನನ್ನ ಬಹುದಿನದ ತಕರಾರು. ವೇಗ 60ರಿಂದ 80ಕ್ಕೆ ಏರಿದರೆ ಬ್ರೇಕ್ ಒತ್ತಿದ ಮೇಲೆ ನಿಲ್ಲಲು ಬೇಕಾದ ದೂರ ಮೂರನೇ ಒಂದರಷ್ಟಲ್ಲ, ಶೇ 78ರಷ್ಟು ಹೆಚ್ಚುತ್ತದೆ. ಅದು ವೇಗದ ವರ್ಗದ ಲೆಕ್ಕದಲ್ಲಿ ಏರುವಂಥದ್ದು. ಸುಗ್ಗಿಯ ಕಾಲದಲ್ಲಿ ಅರ್ಧ ರಸ್ತೆಗೆ ಭತ್ತ ಹರವಿರುವ ನಮ್ಮ ಕಡೆ, ಕಾಳಿನ ಮೇಲೆ ಚಕ್ರ ಜಾರಿದರೆ ಆ ದೂರ ಇನ್ನೂ ಉದ್ದ. ಹಳೇ ಸ್ವಿಫ್ಟ್‌ಗಳಲ್ಲಿ ಎಬಿಎಸ್, ಏರ್‌ಬ್ಯಾಗ್ ಎರಡೂ ದುಬಾರಿ ಮಾಡೆಲ್‌ಗಳಿಗೆ ಮಾತ್ರ ಇದ್ದವು. ಏರ್‌ಬ್ಯಾಗ್ ಇಲ್ಲದ ಎರಡನೇ ತಲೆಮಾರಿನ ಸ್ವಿಫ್ಟನ್ನು 2014ರಲ್ಲಿ ಕಾರುಗಳ ಸುರಕ್ಷತೆ ಪರೀಕ್ಷಿಸುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಗೋಡೆಗೆ ಗುದ್ದಿಸಿ ನೋಡಿದಾಗ ಸಿಕ್ಕಿದ್ದು ಸೊನ್ನೆ ಸ್ಟಾರ್. 2018ರಲ್ಲಿ ಎರಡು ಏರ್‌ಬ್ಯಾಗ್ ಇರುವ ಮೂರನೇ ತಲೆಮಾರಿನದಕ್ಕೆ ಎರಡು ಸ್ಟಾರ್. ನಿಯಮ ಬಿಗಿಯಾದ ಮೇಲೆ 2022ರಲ್ಲಿ ಅದೇ ತಲೆಮಾರಿಗೆ ಒಂದೇ ಸ್ಟಾರ್. ಹಗುರ ಮೈಯನ್ನು ಮೇಲೆ ಹೊಗಳಿದ್ದೇನೆ, ಈ ಅಂಕಿಯನ್ನೂ ಅದರ ಪಕ್ಕದಲ್ಲೇ ಇಡಬೇಕು.

2024ರ ಮಾಡೆಲ್ ಬಗ್ಗೆ ನನಗೆ ಬರುವ ದೂರು ಹೆಚ್ಚಾಗಿ ಎರಡು: ಒಂದು ಸಿಲಿಂಡರ್ ಕಡಿಮೆ, ಎಂಟು ಎಚ್‌ಪಿ ಕಡಿಮೆ. ನಿಜ. ಹೊರೆ ತುಂಬಿದಾಗ ಅದು 2005ರ ಗಾಡಿಯ ಮಟ್ಟಕ್ಕೆ ಬಂದು ನಿಲ್ಲುತ್ತದೆ ಎಂದು ಮೇಲಿನ ಲೆಕ್ಕವೇ ಹೇಳಿತು. ತೂಕವೂ 920 ಕೆ.ಜಿ.ಗೆ ಏರಿದೆ. ಆದರೆ ಕಂಪನಿ ಹೇಳುವ ಆವರೇಜ್ ನೋಡಿ: 2011ರ ಪೆಟ್ರೋಲ್‌ನಲ್ಲಿ ಲೀಟರಿಗೆ 18.6 ಕಿ.ಮೀ. ಇದ್ದದ್ದು 2018ರಲ್ಲಿ 22, 2021ರಲ್ಲಿ 23.2, ಈಗ 24.8. ಸಿಲಿಂಡರ್ ಕಡಿಮೆಯಾದಷ್ಟೂ ಒಳಗಿನ ಘರ್ಷಣೆ ಕಡಿಮೆ, ಎಣ್ಣೆಯ ಖರ್ಚೂ ಕಡಿಮೆ. ಅದರ ಜೊತೆಗೆ ಆರು ಏರ್‌ಬ್ಯಾಗ್, ಗಾಡಿ ಜಾರದಂತೆ ಹಿಡಿಯುವ ಇಎಸ್‌ಪಿ ಎಲ್ಲ ಮಾಡೆಲ್ಲಿನಲ್ಲೂ ಬಂದಿವೆ. ಎಂಟು ಕುದುರೆ ಕೊಟ್ಟು ಇವನ್ನು ಕೊಂಡಿದ್ದಾರೆ ಅನ್ನಬಹುದು. ಓಟದ ಹುಚ್ಚಿನವರಿಗೆ ನಷ್ಟದ ವ್ಯಾಪಾರ, ಸಂಸಾರಸ್ಥರಿಗೆ ಲಾಭದ್ದು.

ಈಗ ನನ್ನ ತೀರ್ಪು. ಒಬ್ಬರೋ ಇಬ್ಬರೋ ಓಡಾಡುವವರಾಗಿ, ಗೇರು ಎಳೆದು ಎಂಜಿನ್ ಕೂಗಿಸಿ ಓಡಿಸುವ ಖುಷಿ ಬೇಕಾದರೆ 2021ರಿಂದ 2024ರ ನಡುವಿನ 90 ಎಚ್‌ಪಿಯ ಪೆಟ್ರೋಲ್ ಗಾಡಿಗೆ ಸ್ವಿಫ್ಟ್‌ಗಳಲ್ಲೇ ಸಾಟಿಯಿಲ್ಲ. ದಿನಾ ಮೂರೂ ಊರು ಸುತ್ತುವವರಾಗಿ, ಯಾವಾಗಲೂ ತುಂಬಿದ ಗಾಡಿಯಾದರೆ 2018ರಿಂದ 2020ರ ಆರಂಭದವರೆಗಿನ ಡೀಸೆಲ್. ಎಳೆತ ಹಳೇದರಷ್ಟೇ, ತೂಕ ಒಂದು ಕ್ವಿಂಟಲ್ ಕಡಿಮೆ. ಈಗ ಸಿಗುವುದೆಲ್ಲ ಸೆಕೆಂಡ್‌ಹ್ಯಾಂಡೇ, ಹಾಗಾಗಿ ಸರ್ವಿಸ್ ದಾಖಲೆ ಇಲ್ಲದೆ ಮುಟ್ಟಬೇಡಿ. ಮನೆಮಂದಿಗಾಗಿ ಕೊಳ್ಳುತ್ತಿದ್ದರೆ, ಕೈಯಲ್ಲಿ ದುಡ್ಡಿದ್ದರೆ, 2024ರದ್ದು, ಎಚ್‌ಪಿ ಕೇಳಬೇಡಿ. 2009ರ 87 ಎಚ್‌ಪಿಯ ಗಾಡಿಯನ್ನು ಬೆಲೆ ಕಡಿಮೆ ಎಂದು ಕೊಳ್ಳುವುದಾದರೆ ಕೊಳ್ಳಿ, ಹೆಚ್ಚು ಓಡುತ್ತದೆ ಎಂದು ಕೊಳ್ಳಬೇಡಿ. ಯಾವುದನ್ನೇ ತಗೊಂಡರೂ ಟ್ರಯಲ್ ನೋಡಲು ಒಬ್ಬರೇ ಹೋಗಬೇಡಿ. ಮನೆಯವರನ್ನೆಲ್ಲ ಕೂಡಿಸಿ, ಬಿಸಿಲಲ್ಲಿ, ಎ.ಸಿ. ಹಾಕಿ, ಲಿಂಗಸುಗೂರಿನ ಕಡೆಗೆ ಮುಖ ಮಾಡಿ ಓಡಿಸಿ ನೋಡಿ. ಆಗಲೂ ಎಳೆಯುವ, ಬ್ರೇಕ್ ಒತ್ತಿದರೆ ನೇರಕ್ಕೆ ನಿಲ್ಲುವ ಗಾಡಿಗೆ ದುಡ್ಡು ಕೊಡಿ.